ಲಿಕ್ಟೆನ್‌ಸ್ಟೈನಿನ ಹತ್ತು ಪದಕಗಳು: ಮನೆತನ, ಇಳಿಜಾರು, ಗಡಿ

ಆಸ್ಟ್ರಿಯ ಮತ್ತು ಸ್ವಿಟ್ಜರ್ಲೆಂಡ್‌ಗಳ ನಡುವಿನ ಲಿಕ್ಟೆನ್‌ಸ್ಟೈನಿನ ವಿಸ್ತೀರ್ಣ ಸುಮಾರು 160 ಚದರ ಕಿಲೋಮೀಟರ್. 1976ರಿಂದ 2018ರವರೆಗಿನ ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಅದು ಗಳಿಸಿದ್ದು ಎರಡು ಚಿನ್ನ, ಎರಡು ಬೆಳ್ಳಿ, ಆರು ಕಂಚು. ಎಲ್ಲವೂ ಆಲ್ಪೈನ್ ಸ್ಕೀಯಿಂಗ್‌ನಲ್ಲಿ. ಜನಸಂಖ್ಯೆಗೆ ಹೋಲಿಸಿ ಈ ಸಾಧನೆಯನ್ನು ಕೊಂಡಾಡುವುದು ವಾಡಿಕೆ. ಆ ಲೆಕ್ಕ ಬೆರಗು ಹುಟ್ಟಿಸುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. 1980ರ ಹೊತ್ತಿಗೆ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿದ್ದ ಜನಸಂಖ್ಯೆ ಅನಂತರ ಬೆಳೆಯುತ್ತಲೇ ಹೋಯಿತು. ಪದಕಗಳಾದರೋ 1988ರ ಬಳಿಕ ಮೂವತ್ತು ವರ್ಷ ಬರಲೇ ಇಲ್ಲ.

ಪದಕ ಗೆದ್ದವರು ಆರೇ ಮಂದಿ. 1976ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಹನ್ನಿ ವೆಂಟ್ಸೆಲ್ ಮತ್ತು ವಿಲ್ಲಿ ಫ್ರೊಮ್ಮೆಲ್ಟ್ ಸ್ಲಾಲಮ್‌ನಲ್ಲಿ ತಲಾ ಒಂದು ಕಂಚು ಗೆದ್ದರು. 1980ರ ಲೇಕ್ ಪ್ಲಾಸಿಡ್‌ನಲ್ಲಿ ಹನ್ನಿ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದರೆ, ತಮ್ಮ ಆಂಡ್ರಿಯಾಸ್‌ಗೆ ಜಯಂಟ್ ಸ್ಲಾಲಮ್ ಬೆಳ್ಳಿ ಸಿಕ್ಕಿತು. ಅದೇ ಋತುವಿನ ವಿಶ್ವಕಪ್ ಸಮಗ್ರ ಪ್ರಶಸ್ತಿಗಳೆರಡೂ ಈ ಅಕ್ಕ ತಮ್ಮಂದಿರ ಪಾಲಾದವು. 1984ರಲ್ಲಿ ಆಂಡ್ರಿಯಾಸ್ ಮತ್ತು ಉರ್ಸುಲಾ ಕೊಂಜೆಟ್, 1988ರಲ್ಲಿ ವಿಲ್ಲಿಯ ತಮ್ಮ ಪೌಲ್, 2018ರಲ್ಲಿ ಹನ್ನಿಯ ಮಗಳು ಟೀನಾ ವೈರಾಥರ್ ಕಂಚು ತಂದರು. ಅಂದರೆ ಹತ್ತರಲ್ಲಿ ಒಂಬತ್ತು ಪದಕಗಳು ಎರಡು ಮನೆತನಗಳಿಗೆ ಸೇರಿದವು. ಹಾಗಾಗಿ ಇಲ್ಲಿ ಅಧ್ಯಯನದ ಘಟಕ ಕುಟುಂಬವೇ ಆಗಬೇಕೆಂಬುದು ನನ್ನ ವಾದ. ಇಷ್ಟು ಕಿರಿದಾದ ತಳಹದಿಯ ಮೇಲೆ ಒಂದು ತಲೆಮಾರು ನಿವೃತ್ತವಾದರೆ ತಂಡವೇ ಬರಿದಾಗುತ್ತದೆ. ಮೂವತ್ತು ವರ್ಷಗಳ ಬರಕ್ಕೆ ಬೇರೆ ವಿವರಣೆ ಹುಡುಕಬೇಕಾಗಿಲ್ಲ.

ಹತ್ತರಲ್ಲಿ ಎಂಟು ಪದಕಗಳು ಸ್ಲಾಲಮ್ ಮತ್ತು ಜಯಂಟ್ ಸ್ಲಾಲಮ್‌ನವು ಎಂಬುದು ಇನ್ನೂ ಕುತೂಹಲಕರ. ದೇಶದ ಸ್ಕೀ ತಾಣವಾದ ಮಾಲ್ಬುನ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಅಲ್ಲಿನ ಇಳಿಜಾರುಗಳು 2,000 ಮೀಟರ್ ಸುತ್ತಮುತ್ತ ಮುಗಿಯುತ್ತವೆ. ಒಲಿಂಪಿಕ್ಸ್ ಪುರುಷರ ಸ್ಲಾಲಮ್‌ಗೆ ಇಂದಿನ ನಿಯಮದ ಪ್ರಕಾರ 180ರಿಂದ 220 ಮೀಟರ್ ಇಳಿತ ಸಾಕು, ಡೌನ್‌ಹಿಲ್‌ಗೆ ಕನಿಷ್ಠ 800 ಮೀಟರ್ ಬೇಕು. ಕಂಬಗಳ ನಡುವೆ ಬಳಸಿ ತಿರುಗುವ ಕಲೆಯನ್ನು ಊರ ಗುಡ್ಡದಲ್ಲೇ ಪಳಗಿಸಿಕೊಳ್ಳಬಹುದು. ವೇಗದ ಸ್ಪರ್ಧೆಗೆ ಬೇಕಾದ ಉದ್ದದ ಇಳಿಜಾರು ಮಾತ್ರ ಗಡಿಯಾಚೆಗಿದೆ. ಪದಕಗಳ ಹಂಚಿಕೆಗೂ ಈ ಭೂರಚನೆಗೂ ನಂಟಿದೆಯೆಂದು ನಾನು ಊಹಿಸುತ್ತೇನೆ.

ಗಡಿಯ ಪ್ರಶ್ನೆಯನ್ನು ಬಿಟ್ಟು ಈ ಇತಿಹಾಸವನ್ನು ಬರೆಯಲಾಗದು. ಹನ್ನಿ ಹುಟ್ಟಿದ್ದು ಜರ್ಮನಿಯಲ್ಲಿ. ಎಳವೆಯಲ್ಲೇ ಲಿಕ್ಟೆನ್‌ಸ್ಟೈನಿಗೆ ಬಂದ ಆಕೆಗೆ ಪೌರತ್ವ ದಕ್ಕಿದ್ದು 1974ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಲಾಲಮ್ ಚಿನ್ನ ಗೆದ್ದ ಮೇಲೆ. ಟೀನಾಳ ತಂದೆ ಹಾರ್ಟಿ ವೈರಾಥರ್ ಆಸ್ಟ್ರಿಯದವರು, 1982ರ ಡೌನ್‌ಹಿಲ್ ವಿಶ್ವ ಚಾಂಪಿಯನ್. ಆಕೆ ತರಬೇತಿ ಪಡೆದದ್ದು ಸ್ವಿಸ್ ತಂಡದ ಜೊತೆಗೆ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಆಕೆಯ ಕಂಚು ಬಂದದ್ದು ಸೂಪರ್-ಜಿಯಲ್ಲಿ, ಅಂದರೆ ಮಾಲ್ಬುನ್‌ನ ಇಳಿಜಾರು ಕಲಿಸಲಾರದ ವೇಗದ ಸ್ಪರ್ಧೆಯಲ್ಲಿ.