ದಾಕಿನ ಗುರುತು

ನಮ್ಮ ತಾಯಿಯ ತಮ್ಮ, ಎಂದರೆ ನನ್ನ ಸೋದರಮಾವ, ಇಂಗ್ಲೆಂಡಿಗೆ ಹೋಗಿ ನಾಲ್ವತ್ತು ವರ್ಷ ಮೀರಿತು. ಹುಟ್ಟಿದುದು 1957ರಲ್ಲಿ, ಹಳೆಯ ಎಡತೊರೆ ಸೀಮೆಯ, ಈಗಿನ ಕೃಷ್ಣರಾಜನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಓದಿದುದು ಮೈಸೂರಿನಲ್ಲಿ, ದುಡಿದುದೆಲ್ಲ ಪರದೇಶದಲ್ಲಿ. ನಿವೃತ್ತರಾದ ಮೇಲೆ ಚಳಿಗಾಲ ಬಂತೆಂದರೆ ಹುಣಸೂರಿನ ನಮ್ಮ ಮನೆಗೆ ಬಂದು ಮೂರು ತಿಂಗಳು ಇದ್ದು ಹೋಗುವುದು ಅವರ ಪರಿಪಾಠ. ಈ ಸಲ ಬಂದವರು ಪೆಟ್ಟಿಗೆಯ ಜೊತೆಗೆ ಒಂದು ಸಮಸ್ಯೆಯನ್ನೂ ಹೊತ್ತು ತಂದರು. ಸರ್ಪಸುತ್ತು ಬಾರದಂತೆ ತಡೆಯುವ ಲಸಿಕೆಯನ್ನು ಹಾಕಿಸಿಕೊಳ್ಳಬೇಕೆ, ಬೇಡವೆ? ಹಾಕಿಸಿಕೊಳ್ಳುವುದಾದರೆ ಇಲ್ಲಿಯೋ, ಅಲ್ಲಿಯೋ?

ಇಷ್ಟಕ್ಕೆಲ್ಲ ಚರಿತ್ರೆ ಏಕೆ ಎಂದು ವಾಚಕರು ಕೇಳಬಹುದು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದರೆ ಮಾವನವರ ಪ್ರಶ್ನೆಗೆ ಉತ್ತರ ಹುಡುಕುತ್ತ ಪುಸ್ತಕಗಳನ್ನು ತಿರುವಿದಾಗ, ಮೈಸೂರು ಸೀಮೆಯ ಜನ ಇದೇ ಬಗೆಯ ಪ್ರಶ್ನೆಯನ್ನು ಇನ್ನೂರು ವರ್ಷಗಳ ಹಿಂದೆಯೇ ಎದುರಿಸಿದ್ದರೆಂಬುದು ಕಂಡುಬಂತು. ಅದನ್ನು ಹೇಳದೆ ಇರಲಾರೆ.

ಮೊದಲು ಮನೆಯ ಸಂಗತಿ. ಹೋದ ವರ್ಷ ಆಷಾಢದಲ್ಲಿ ನಮ್ಮ ತಾಯಿಗೆ ಬಲ ಪಕ್ಕೆಯಲ್ಲಿ ಉರಿ ಹುಟ್ಟಿತು. ಎರಡು ದಿನಕ್ಕೆ ಕೆಂಪಾಗಿ ಮುತ್ತು ಪೋಣಿಸಿದಂತೆ ನೀರುಗುಳ್ಳೆಗಳೆದ್ದವು. ನೋಡಿದವರೆಲ್ಲ "ಸರ್ಪಸುತ್ತು" ಎಂದರು. ಪಿರಿಯಾಪಟ್ಟಣದ ಕಡೆ ಬೆಟ್ಟದಪುರದ ಹತ್ತಿರ ಇದಕ್ಕೆ ಕೆಮ್ಮಣ್ಣು ಹಾಕಿ ಮಂತ್ರಿಸುವ ಮುದುಕರೊಬ್ಬರಿದ್ದಾರೆ. ಮೂರು ಬೆಳಗು ಅಲ್ಲಿಗೆ ಕರೆದೊಯ್ದೆವು. ಆ ಮುದುಕರು ಕಾಸು ಮುಟ್ಟಲಿಲ್ಲ; ಅವರಲ್ಲಿ ಕಪಟವಿಲ್ಲ. ತಪ್ಪು ನಮ್ಮದು. ವೈದ್ಯರ ಬಳಿಗೆ ಹೋಗುವಾಗ ಎಂಟು ದಿನ ಕಳೆದಿತ್ತು. ಗುಳ್ಳೆಯೆದ್ದ ಮೂರು ದಿನಗಳೊಳಗೆ ಗುಳಿಗೆ ಆರಂಭಿಸಿದ್ದರೆ ಚೆನ್ನಾಗಿತ್ತು ಎಂದು ಅವರು ಹೇಳಿದುದು ಈಗಲೂ ನನ್ನ ಕಿವಿಯಲ್ಲಿದೆ. ಗುಳ್ಳೆಗಳೇನೋ ಮೂರು ವಾರದಲ್ಲಿ ಒಣಗಿದವು. ನೋವು ಮಾತ್ರ ಒಣಗಲಿಲ್ಲ. ಸೀರೆಯ ಸೆರಗು ಸೋಕಿದರೂ ಬೆಂಕಿ ತಾಗಿದಂತೆ ಆಕೆ ಬೆಚ್ಚುವುದನ್ನು ಏಳು ತಿಂಗಳು ನೋಡಿದ್ದೇವೆ. ಮಾವನವರೂ ಅದನ್ನು ಕಣ್ಣಾರೆ ಕಂಡರು. ಅವರ ಪ್ರಶ್ನೆಯ ಬೇರು ಅಲ್ಲಿದೆ.

ಈ ರೋಗದ ಹೆಸರೇ ಒಂದು ಕತೆ. ಹಾವು ಸೊಂಟವನ್ನು ಸುತ್ತುತ್ತದೆ, ತಲೆಯೂ ಬಾಲವೂ ಕೂಡಿದರೆ ಆಳು ಉಳಿಯುವುದಿಲ್ಲ ಎಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಂಬುತ್ತಾರೆ. ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಿನಲ್ಲಿ ಹರಿಯುವ ಹೊಳೆಗೇ ನಾಗರಹೊಳೆ ಎಂದು ಹೆಸರಿಟ್ಟ ಜನ. ಅರಳಿಕಟ್ಟೆಗೊಂದು ನಾಗರಕಲ್ಲು ನೆಟ್ಟ ಜನ. ಮೈಮೇಲೆ ಸುತ್ತಿ ಬಂದ ಉರಿಯನ್ನು ಹಾವೆಂದು ಕರೆದುದು ಸಹಜವೇ. ಆದರೆ ಸೋಜಿಗವೇನೆಂದರೆ, ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಪ್ಲಿನಿಯೂ ಇದನ್ನೇ ಬರೆದಿಟ್ಟಿದ್ದಾನೆ. ಸೊಂಟವನ್ನು ಪೂರ್ತಿ ಸುತ್ತಿದರೆ ರೋಗಿ ಸಾಯುತ್ತಾನೆಂಬುದು ಅವನ ಅಭಿಪ್ರಾಯ. ಗ್ರೀಕರು ಈ ರೋಗಕ್ಕಿಟ್ಟ 'ಜೋಸ್ಟರ್' ಎಂಬ ಹೆಸರಿಗೆ ನಡುಪಟ್ಟಿ ಎಂದರ್ಥ. ಇಂಗ್ಲಿಷಿನ 'ಷಿಂಗಲ್ಸ್' ಎಂಬುದೂ ನಡುಪಟ್ಟಿಯೆಂಬ ಲ್ಯಾಟಿನ್ ಮಾತಿನಿಂದಲೇ ಹುಟ್ಟಿದ್ದು. ಅವರು ಪಟ್ಟಿಯನ್ನು ಕಂಡರು, ನಾವು ಹಾವನ್ನು ಕಂಡೆವು, ಭಯ ಒಂದೇ.

ಹಾವಿನ ತಲೆ ಬಾಲ ಕೂಡುವುದು ಏಕೆ ಅಪರೂಪವೆಂಬುದನ್ನು ಈಗ ಬಲ್ಲೆವು. ಬೆನ್ನುಹುರಿಯಿಂದ ಹೊರಡುವ ನರಗಳು ಎಡಕ್ಕೊಂದು ಬಲಕ್ಕೊಂದಾಗಿ ಅರ್ಧ ಮೈಯನ್ನು ಮಾತ್ರ ಬಳಸುತ್ತವೆ. ರೋಗ ಹೊರಡುವುದು ಸಾಮಾನ್ಯವಾಗಿ ಒಂದು ನರದ ಬುಡದಿಂದ. ಆದುದರಿಂದ ನಡುಗೆರೆಯಲ್ಲಿಯೇ ಅದು ನಿಲ್ಲುತ್ತದೆ. ಮಂತ್ರ ಹಾಕಿದವರ ಕೀರ್ತಿಗೆ ಇದೂ ಒಂದು ಕಾರಣವಾಗಿರಬೇಕು!

ಬಾಲ್ಯದಲ್ಲಿ ಬರುವ ಸೀತಾಳೆ ಸಿಡುಬಿಗೂ ಮುಪ್ಪಿನ ಸರ್ಪಸುತ್ತಿಗೂ ನಂಟುಂಟೆಂದು ಮೊದಲು ಊಹಿಸಿದವನು ಬುಡಾಪೆಸ್ಟಿನ ವೈದ್ಯ ಬೋಕಾಯ್. ಸರ್ಪಸುತ್ತಾದ ದೊಡ್ಡವರಿದ್ದ ಮನೆಯ ಮಕ್ಕಳಿಗೆ ಕೆಲವು ದಿನಗಳಲ್ಲಿಯೇ ಸೀತಾಳೆಯೇಳುವುದನ್ನು ಅವನು 1888ರಲ್ಲಿ ಗಮನಿಸಿದ. ಎರಡರ ವಿಷಾಣುವೂ ಒಂದೇ ಎಂಬುದನ್ನು ಅಮೆರಿಕಾದ ಥಾಮಸ್ ವೆಲ್ಲರ್ 1950ರ ದಶಕದಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದ. ಆದರೆ ನನಗೆ ಬಹಳ ಹಿಡಿಸಿದವನು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಹೋಪ್-ಸಿಂಪ್ಸನ್. ನಮ್ಮ ಹುಣಸೂರಿನಂಥ ಊರಿನಲ್ಲಿ ಕುಳಿತು, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುತ್ತ, 16 ವರ್ಷಗಳಲ್ಲಿ 192 ಸರ್ಪಸುತ್ತುಗಳ ಲೆಕ್ಕವನ್ನು ಬರೆದಿಟ್ಟ. ಸೀತಾಳೆ ವಾಸಿಯಾದ ಮೇಲೂ ವಿಷಾಣು ಸಾಯುವುದಿಲ್ಲ, ನರದ ಬುಡದಲ್ಲಿ ಹೋಗಿ ಮಲಗುತ್ತದೆ. ಮೈಯ ಕಾವಲು ಸಡಿಲವಾದಾಗ ಏಳುತ್ತದೆ ಎಂದು 1965ರಲ್ಲಿ ಪ್ರಕಟಿಸಿದ. ಎಂಬತ್ತೈದು ಮುಟ್ಟುವವರಲ್ಲಿ ಅರ್ಧದಷ್ಟು ಜನಕ್ಕೆ ಒಮ್ಮೆಯಾದರೂ ಇದು ಬಂದಿರುತ್ತದೆ ಎಂದೂ ಅಂದಾಜು ಮಾಡಿದ. ಅವನ ಇನ್ನೊಂದು ಊಹೆಯೂ ಸ್ವಾರಸ್ಯವಾದುದು: ಸೀತಾಳೆಯಾದ ಮಕ್ಕಳ ನಡುವೆ ಓಡಾಡುವ ದೊಡ್ಡವರಿಗೆ ಆ ಸಂಪರ್ಕದಿಂದಲೇ ಕಾವಲು ಮತ್ತೆ ಮತ್ತೆ ಬಿಗಿಯಾಗುತ್ತದೆ ಎಂಬುದು. ಇಂಗ್ಲೆಂಡು ಮಕ್ಕಳಿಗೆ ಸೀತಾಳೆಯ ಲಸಿಕೆ ಹಾಕಿಸಲು ಬಹುಕಾಲ ಹಿಂಜರಿದು, 2025ರಲ್ಲಷ್ಟೇ ಮನಸ್ಸು ಮಾಡಿದುದಕ್ಕೆ ಈ ಊಹೆಯೇ ಒಂದು ಕಾರಣ. ಅಮೆರಿಕಾ ಆ ಕೆಲಸವನ್ನು 1995ರಲ್ಲಿಯೇ ಆರಂಭಿಸಿತ್ತು. ಭಯಪಟ್ಟಂತೆ ಅಲ್ಲಿ ಸರ್ಪಸುತ್ತು ಅದರಿಂದ ಉಕ್ಕೇರಿದುದು ಕಂಡುಬರಲಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಜೆನ್ನರ್ ಗೋಸಿಡುಬಿನ ರಸವನ್ನು ಹುಡುಗನೊಬ್ಬನ ತೋಳಿಗೆ ಹಾಕಿದುದು 1796ರಲ್ಲಿ. ಲ್ಯಾಟಿನ್ನಿನಲ್ಲಿ ಹಸುವಿಗೆ 'ವಾಕ್ಕ' ಎಂದು ಹೆಸರು. 'ವ್ಯಾಕ್ಸಿನ್' ಎಂಬ ಮಾತು ಬಂದುದು ಅದರಿಂದ. ನಮ್ಮ 'ಲಸಿಕೆ' ಎಂಬುದು ಆಯುರ್ವೇದದಲ್ಲಿ ಮೈಯೊಳಗಿನ ನೀರಿನಂಥ ರಸಕ್ಕೆ ಇದ್ದ ಹೆಸರು. ಅಮೃತಮಹಲ್ ದನಗಳ ಕಚೇರಿಯಿದ್ದ ಹುಣಸೂರಿನವನಾದ ನನಗೆ, ಇಡೀ ಜಗತ್ತಿನ ಈ ವಿದ್ಯೆಗೆ ದನದ ಹೆಸರು ಉಳಿದುಬಂದುದು ಕಂಡು ಸ್ವಲ್ಪ ಹೆಮ್ಮೆಯಾಗದಿರಲಿಲ್ಲ. ಆ ರಸ ವಿಯೆನ್ನಾದಿಂದ ಬಾಗ್ದಾದಿಗೆ, ಅಲ್ಲಿಂದ ಬಸ್ರಾಕ್ಕೆ, ಅಲ್ಲಿಂದ ಹಡಗಿನಲ್ಲಿ ಬೊಂಬಾಯಿಗೆ ಬಂತು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಅನ್ನಾ ದಸ್ಟಾಲ್ ಎಂಬ ಮೂರು ವರ್ಷದ ಮಗುವಿಗೆ ಅದನ್ನು ಹಾಕಿದರು. ಶೀತಪೆಟ್ಟಿಗೆಯಿಲ್ಲದ ಕಾಲ, ಒಂದು ಮಗುವಿನ ತೋಳಿನ ಗುಳ್ಳೆಯಿಂದ ಮತ್ತೊಂದು ಮಗುವಿನ ತೋಳಿಗೆ, ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ಅದು ತಲಚೇರಿ, ಮದರಾಸುಗಳನ್ನು ಮುಟ್ಟಿ ಮೈಸೂರಿಗೂ ಬಂತು. ಯಾವ ಜಾತಿಯ ಮಗುವಿನ ತೋಳಿನದು ಎಂಬ ಪ್ರಶ್ನೆ ಎದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಂದೆ ಕರುಗಳಲ್ಲಿಯೇ ರಸವನ್ನು ಬೆಳೆಸುವ ಪದ್ಧತಿ ಬಂದ ಮೇಲೆ ಆ ತೊಡಕು ತಪ್ಪಿತು. ಬೆಳಗಾವಿಯ ಜನ ಈಗ ವಾಯುವಿಹಾರಕ್ಕೆ ಹೋಗುವ ವ್ಯಾಕ್ಸಿನ್ ಡಿಪೋ ಆ ಕಾಲದ ಕುರುಹು.

ಜನ ಒಪ್ಪಬೇಕಲ್ಲ! ತಿರುಕ್ಕುರಳನ್ನು ಇಂಗ್ಲಿಷಿಗೆ ತಿರುಗಿಸಿದ ಮದರಾಸಿನ ಎಲ್ಲಿಸ್, ಗೋವಿನ ಈ ವರವನ್ನು ಹೊಗಳಿ ಸಂಸ್ಕೃತದಲ್ಲಿ ಪದ್ಯ ಕಟ್ಟಿ, ಹಳೆಯ ಕಾಗದದ ಮೇಲೆ ಬರೆಸಿ, ಪ್ರಾಚೀನ ಗ್ರಂಥ ಸಿಕ್ಕಿತೆಂದು ಹಬ್ಬಿಸಿದನೆಂಬ ಸಂಗತಿ ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಬಂದಿದೆ. ಸದುದ್ದೇಶದ ಸುಳ್ಳು, ಆದರೂ ಸುಳ್ಳೇ. ಹಸ್ತಪ್ರತಿಗಳನ್ನು ನಂಬಿ ಬದುಕುವ ನಮ್ಮಂಥವರಿಗೆ ಇದನ್ನು ಕ್ಷಮಿಸುವುದು ಕಷ್ಟ.

ಮೈಸೂರಿನಲ್ಲಿ ನಡೆದುದು ಇದಕ್ಕಿಂತ ಮೇಲು. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗರು, ಪೂರ್ಣಯ್ಯನವರು ದಿವಾನರು, ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಅರಮನೆಯ ಹಿರಿಯರು. ಹೊಸದಾಗಿ ಮನೆ ತುಂಬಿದ ಎಳೆಯ ರಾಣಿ ದೇವಾಜಮ್ಮಣ್ಣಿಗೆ ಲಸಿಕೆ ಹಾಕಿಸಿದರು; 1806ರಲ್ಲಿ ಆ ಸುದ್ದಿಯನ್ನು ಜನಕ್ಕೆ ಸಾರಿದರು. ಅದನ್ನು ಕೇಳಿ ಜನ ಮುಂದೆ ಬಂದರೆಂದು ಆಗಿನ ದಾಖಲೆ ಹೇಳುತ್ತದೆ. ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿ 1805ರಲ್ಲಿ ಬರೆದ ಮೂವರು ಸ್ತ್ರೀಯರ ಚಿತ್ರವೊಂದಿದೆ. ನರ್ತಕಿಯರ ಚಿತ್ರವೆಂದು ಬಹುಕಾಲ ಅದನ್ನು ತಿಳಿದಿದ್ದರು. ಇವರು ಮೈಸೂರಿನ ರಾಣಿಯರೇ ಎಂದು ವಾದಿಸಿದವರು ಚರಿತ್ರಕಾರ ನೈಜೆಲ್ ಚಾನ್ಸೆಲರ್. ಬಲಗಡೆಯ ಎಳೆಯ ರಾಣಿ ಸೀರೆಯನ್ನು ಎಡತೋಳಿನಿಂದ ಸರಿಸಿ, ಲಸಿಕೆ ಹಾಕುವ ಜಾಗವನ್ನು ತೋರುವಂತೆ ನಿಂತಿದ್ದಾಳೆ. ಎಡಗಡೆಯ ರಾಣಿಯ ಮೂಗು ಬಾಯಿಗಳ ಸುತ್ತಣ ಬಿಳುಪು ಹಳೆಯ ಪದ್ಧತಿಯ, ಎಂದರೆ ಸಿಡುಬಿನ ಹೊಪ್ಪಳೆಯ ಪುಡಿಯನ್ನು ಮೂಗಿಗೆಳೆದುಕೊಳ್ಳುವ ಪದ್ಧತಿಯ ಗುರುತು ಎಂದು ಅವರ ವಿವರಣೆ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನನಗಂತೂ ಒಪ್ಪಬೇಕೆನಿಸುತ್ತದೆ. ಪರಪುರುಷನ ಎದುರು ನಿಂತು ಚಿತ್ರ ಬರೆಸಿಕೊಳ್ಳುವುದೇ ಅರಿದಾಗಿದ್ದ ಕಾಲದಲ್ಲಿ ಒಬ್ಬ ಕುಲಸ್ತ್ರೀ ಬರಿಯ ತೋಳನ್ನು ತೋರಲು ಬಲವಾದ ಕಾರಣವಿದ್ದಿರಲೇಬೇಕು.

ಅಲ್ಲಿಂದ ಮುಂದಿನ ಕತೆ ಎಲ್ಲರೂ ಬಲ್ಲುದು. ದಾಕು ಹಾಕುವವರು ಬಂದರೆಂದರೆ ಮಕ್ಕಳನ್ನು ಕಣಜದಲ್ಲಿ ಬಚ್ಚಿಡುತ್ತಿದ್ದ ಹಳ್ಳಿಗಳೇ ಕ್ರಮೇಣ ತೋಳೊಡ್ಡಿದವು. ಮಾರಮ್ಮನಿಗೆ ತಂಬಿಟ್ಟೂ ಸಂದಿತು, ದಾಕೂ ಬಿತ್ತು. 1975ರಲ್ಲಿ ಭಾರತದ ಕಡೆಯ ಸಿಡುಬು. 1980ರಲ್ಲಿ ಲೋಕದಿಂದಲೇ ಅದು ಹೋಯಿತೆಂಬ ಘೋಷಣೆ. ನಮ್ಮ ತಾಯಿಯ, ಮಾವನವರ ತೋಳಿನಲ್ಲಿ ಕಾಸಿನಗಲದ ಗುರುತಿದೆ. ಅದಾದ ಮೇಲೆ ಹುಟ್ಟಿದ ನನಗಿಲ್ಲ.

ಸೀತಾಳೆಯ ಲಸಿಕೆಯನ್ನು ಜಪಾನಿನ ತಕಹಾಷಿ 1974ರಲ್ಲಿ ಸಿದ್ಧಪಡಿಸಿದ; ಮೂರು ವರ್ಷದ ತನ್ನ ಮಗ ಆ ರೋಗದಿಂದ ಪಟ್ಟ ಪಾಡೇ ಅವನಿಗೆ ಪ್ರೇರಣೆ. ಅದೇ ಜೀವಂತ ವಿಷಾಣುವನ್ನು ಹೆಚ್ಚು ಪ್ರಮಾಣದಲ್ಲಿ ಬಳಸಿ ಮಾಡಿದ ಸರ್ಪಸುತ್ತಿನ ಲಸಿಕೆ 2006ರಲ್ಲಿ ಅಮೆರಿಕಾದಲ್ಲಿ ಬಂತು. ಅದಕ್ಕಿಂತ ಬಲವಾದುದು 2017ರ ಷಿಂಗ್ರಿಕ್ಸ್. ಇದರಲ್ಲಿ ಜೀವಂತ ವಿಷಾಣುವಿಲ್ಲ. ಅದರ ಮೈಯ ಒಂದು ಪ್ರೋಟೀನು ಮಾತ್ರ, ಜೊತೆಗೆ ಚಿಲಿ ದೇಶದ ಮರವೊಂದರ ತೊಗಟೆಯಿಂದ ತೆಗೆದ ಸಾರ. ನಮ್ಮ ಸೀಗೆಯಂತೆ ನೊರೆಗಟ್ಟುವ ತೊಗಟೆಯಂತೆ ಅದು. ಐವತ್ತು ದಾಟಿದವರಲ್ಲಿ ನಡೆದ ಪರೀಕ್ಷೆಯಲ್ಲಿ ನೂರಕ್ಕೆ 97ರಷ್ಟು, ಎಪ್ಪತ್ತು ದಾಟಿದವರಲ್ಲಿ 90ರಷ್ಟು ರಕ್ಷಣೆ ಕಂಡಿತು. ಒಂದೆರಡು ದಿನ ತೋಳುನೋವು, ಜ್ವರ, ಆಯಾಸ ಸಾಮಾನ್ಯ. ಬಹಳ ವಿರಳವಾಗಿ ನರಗಳ ದೌರ್ಬಲ್ಯ ಕಾಣಿಸಬಹುದೆಂಬ ಎಚ್ಚರಿಕೆಯನ್ನು ಅಮೆರಿಕಾ ಸರ್ಕಾರ 2021ರಲ್ಲಿ ಸೇರಿಸಿತು. ಭಾರತದ ಪೇಟೆಗೆ ಇದು 2023ರಲ್ಲಿ ಬಂತು. ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಬೆಲೆ ದುಬಾರಿ, ಎರಡು ಸಲ, ಎರಡರಿಂದ ಆರು ತಿಂಗಳ ಅಂತರದಲ್ಲಿ ಹಾಕಿಸಿಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ಉಚಿತವಲ್ಲವೆ, ಹಾಗಾದರೆ ಚಿಂತೆಯೇನು ಎಂದು ನಾನು ಕೇಳಿದೆ. ಅಲ್ಲಿಯ ಲೆಕ್ಕ ವಿಚಿತ್ರ. 2023ರ ಸೆಪ್ಟೆಂಬರ್ 1ರಿಂದ ಈಚೆಗೆ ಅರವತ್ತೈದು ತುಂಬಿದವರಿಗೆ ಉಂಟು, ಎಪ್ಪತ್ತು ತುಂಬಿದವರಿಗೆ ಉಂಟು. ಆ ದಿನ ಅರವತ್ತಾರು ನಡೆಯುತ್ತಿದ್ದ ನಮ್ಮ ಮಾವನಂಥವರು ಎಪ್ಪತ್ತಾಗುವವರೆಗೆ ಕಾಯಬೇಕು. "ಅರವತ್ತೈದಕ್ಕೆ ಮುದುಕನಾದೆ, ಎಪ್ಪತ್ತಕ್ಕೆ ಹುಡುಗನಾದೆ, ಅಲ್ಲಿಯೂ ಅಷ್ಟೇ, ಇಲ್ಲಿಯೂ ಅಷ್ಟೇ, ನಾನು ಯಾವಾಗಲೂ ಎರಡು ಊರುಗಳ ನಡುವಿನವನು" ಎಂದು ನಕ್ಕರು. ಬೈಲುಕುಪ್ಪೆಯ ದಾರಿಯಲ್ಲಿ ಜಪಚಕ್ರ ತಿರುಗಿಸುತ್ತ ಕುಳಿತ ಟಿಬೆಟಿನ ಮುದುಕರನ್ನು ಕಂಡು ಅವರು ಕಾರು ನಿಲ್ಲಿಸಿದುದುಂಟು. 1960ರ ಸುಮಾರಿಗೆ ಪಿರಿಯಾಪಟ್ಟಣದ ಕಾಡು ಕಡಿದು ನೆಲೆ ನಿಂತವರ ಪೈಕಿ ಉಳಿದವರು ಅವರು. ಆದರೆ ಅವರು ಹಿಂದಿರುಗಲಾರದವರು. ಮಾವನವರು ಬೇಕೆಂದಾಗ ವಿಮಾನ ಹತ್ತುವವರು. ಹೋಲಿಕೆ ಅಷ್ಟು ದೂರ ಎಳೆಯಲಾಗದು.

ಎರಡು ವರ್ಷ ಕಾಯುವುದೋ, ಇಲ್ಲಿ ಹಣ ತೆರುವುದೋ? ಸರ್ಪಸುತ್ತು ಬರದೆಯೂ ಇರಬಹುದು. ಬಂದರೂ ನೋವು ಉಳಿಯದೆ ಇರಬಹುದು. ಒಂದು ವಾರ ಅವರು ಕಾಗದದ ಮೇಲೆ ಕೂಡಿ ಕಳೆದು ನೋಡಿದರು. ಅಷ್ಟರಲ್ಲಿ ಒಂದು ರಾತ್ರಿ ನಮ್ಮ ತಾಯಿ ನಿದ್ದೆಯಿಲ್ಲದೆ ಜಗಲಿಯಲ್ಲಿ ಕುಳಿತಿದ್ದುದನ್ನು ನೋಡಿದರು. ಬೆಳಗ್ಗೆ ಕಾಗದ ಕಾಣಲಿಲ್ಲ. ಡಿಸೆಂಬರಿನ ಮೊದಲ ವಾರ ಮೈಸೂರಿಗೆ ಹೋಗಿ ಒಂದನ್ನು ಹಾಕಿಸಿಕೊಂಡರು. ಎರಡನೆಯದು ಫೆಬ್ರುವರಿಯಲ್ಲಿ, ಹೊರಡುವ ಮುನ್ನ. ಒಮ್ಮೆ ಬಂದವರಿಗೂ ಮತ್ತೆ ಬರಬಹುದಂತೆ, ಹಾಕಿಸಿಕೊಳ್ಳಬಹುದಂತೆ. "ಅಕ್ಕನ ಖರ್ಚು ನನ್ನದು" ಎಂದರು. ಆಕೆ ಇನ್ನೂ ಹ್ಞೂ ಅಂದಿಲ್ಲ, ಊಹ್ಞೂ ಅಂದೂ ಇಲ್ಲ.

ಅವರು ಮೈಸೂರಿನಿಂದ ಹಿಂದಿರುಗಿದ ಸಂಜೆ ತಾಯಿ "ಎಲ್ಲೋ, ಎಲ್ಲಿ ಚುಚ್ಚಿದರು ತೋರಿಸು" ಎಂದು ಕೇಳಿದರು. ಮಾವ ಅಂಗಿಯ ತೋಳನ್ನು ಮಡಿಸಿದರು. ಹೊಸ ಸೂಜಿಯ ಗುರುತು ಎಷ್ಟು ಹುಡುಕಿದರೂ ಕಾಣಲಿಲ್ಲ. ಹಳೆಯ ದಾಕಿನದು ಕಂಡಿತು. ತಾಯಿ ಅದರ ಮೇಲೆ ಬೆರಳಿಟ್ಟು, "ಇದನ್ನು ಹಾಕಿದ ದಿನ ನೀನು ಹುಲ್ಲಿನ ಮೆದೆಯ ಹಿಂದೆ ಅಡಗಿದ್ದೆ, ಹಿಡಿದುಕೊಟ್ಟವಳು ನಾನೇ" ಎಂದರು.