ಎಂ35 ಸೇನಾ ಲಾರಿ: ಖಾಸಗಿ ಒಡೆತನ

ಅಮೆರಿಕದ ಸೇನೆ 1950ರ ದಶಕದಿಂದ ಬಳಸಿ, ಮುಂದೆ ಹೆಚ್ಚುವರಿಯೆಂದು ಹರಾಜು ಹಾಕಿದ ಎರಡೂವರೆ ಟನ್ನಿನ ಸರಕು ಲಾರಿ. ಕೊಳ್ಳುವವರು ಎಂಜಿನ್ ನೋಡಿ ಮರುಳಾಗುತ್ತಾರೆ, ನೋಡಬೇಕಾದದ್ದು ಬ್ರೇಕನ್ನು. ಎಂ35ಎ2 ಮಾದರಿಯ ಬಹು-ಇಂಧನ ಎಂಜಿನ್ ಡೀಸೆಲ್ ಮಾತ್ರವಲ್ಲ, ಸೀಮೆಎಣ್ಣೆ ಕುಡಿದೂ ಓಡುತ್ತದೆ. ಕಂಪ್ಯೂಟರಿನ ಗೊಡವೆಯೂ ಇಲ್ಲ. ಆದರೆ ಸುಮಾರು ಆರು ಟನ್ ತೂಗುವ ಈ ಗಾಡಿಯ ಗಾಳಿ ನೆರವಿನ ಹೈಡ್ರಾಲಿಕ್ ಬ್ರೇಕಿಗೆ ಇರುವುದು ಒಂದೇ ಸರ್ಕ್ಯೂಟ್: ಒಂದು ರಬ್ಬರ್ ಹೋಸ್ ಒಡೆದರೆ ಆರೂ ಡ್ರಮ್ಮುಗಳು ಒಟ್ಟಿಗೆ ಕೈಕೊಡುತ್ತವೆ. ಸೇನೆ ದಶಕಗಳ ಕಾಲ ಹೀಗೆಯೇ ಓಡಿಸಿತಲ್ಲ ಎನ್ನುವವರುಂಟು. ನಿಜ, ಆದರೆ ಅಲ್ಲಿ ವೇಳಾಪಟ್ಟಿಯಂತೆ ಬಿಚ್ಚಿ ನೋಡುವ ಮೆಕ್ಯಾನಿಕರಿದ್ದರು. ಶೆಡ್ಡಿನಲ್ಲಿ ನಿಂತೇ ಇರುವ ಲಾರಿಯಲ್ಲಿ ಸಾಮಾನ್ಯ ಬ್ರೇಕ್ ಎಣ್ಣೆ ತೇವ ಹೀರಿ ಸಿಲಿಂಡರುಗಳಿಗೆ ತುಕ್ಕು ಹಿಡಿಸುತ್ತದೆ. ಸಿಲಿಕೋನ್ ಎಣ್ಣೆ ತೇವ ಹೀರದು, ಹಳೆಯ ಹೋಸನ್ನು ಮಾತ್ರ ಉಳಿಸಲಾರದು. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಕೂರಿಸುವ ಮಾರ್ಪಾಟು ಒಡೆಯರಲ್ಲಿ ಬಳಕೆಗೆ ಬಂದದ್ದು ಈ ಒಂದೇ ಸರ್ಕ್ಯೂಟಿನ ಅಪಾಯದಿಂದಲೇ.