ಸಕ್ಕರೆಯಲ್ಲದ ಸಿಹಿ: ಒಂದೂವರೆ ಶತಮಾನದ ಪರೀಕ್ಷೆ

2023ರ ಜುಲೈ 14ರಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಎರಡು ತಜ್ಞರ ತಂಡಗಳು ಒಂದೇ ವಸ್ತುವಿನ ಬಗ್ಗೆ ಒಂದೇ ದಿನ ಎರಡು ತೀರ್ಪು ಕೊಟ್ಟವು. ಆ ವಸ್ತು ಆಸ್ಪರ್ಟೇಮ್. ಡಯೆಟ್ ಕೋಲಾ, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಕಾಫಿಗೆ ಹಾಕಿಕೊಳ್ಳುವ ಪುಟ್ಟ ಗುಳಿಗೆ, ಹೀಗೆ ಹಲವು ಕಡೆ ಇರುವ ಸಿಹಿಕಾರಕ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) ಅದನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಆಹಾರ ಸಂಯೋಜಕಗಳ ಜಂಟಿ ತಜ್ಞ ಸಮಿತಿ (ಜೆಕ್ಫಾ), ತಾನು 1981ರಲ್ಲಿ ಗೊತ್ತುಮಾಡಿದ್ದ ಮಿತಿಯನ್ನು ಬದಲಿಸಲು ಕಾರಣ ಕಾಣುತ್ತಿಲ್ಲ ಎಂದಿತು. ಆ ಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ. ಮೊದಲ ತೀರ್ಪು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಎರಡನೆಯದು ಹೆಚ್ಚಿನವರ ಕಿವಿಗೆ ಬೀಳಲಿಲ್ಲ.

ಇವೆರಡೂ ಒಂದಕ್ಕೊಂದು ವಿರುದ್ಧವಾದ ಮಾತುಗಳಲ್ಲ. ಒಂದು ವಸ್ತು ಯಾವುದೇ ಪ್ರಮಾಣದಲ್ಲಾದರೂ ಕ್ಯಾನ್ಸರ್ ತರಬಲ್ಲದೇ ಎಂಬುದಷ್ಟೇ ಐಎಆರ್‌ಸಿ ಕೇಳುವ ಪ್ರಶ್ನೆ. ಲೋಳೆಸರದ ಇಡೀ ಎಲೆಯ ಸಾರವೂ ಅದೇ 2ಬಿ ಗುಂಪಿನಲ್ಲಿದೆ. ಜನ ದಿನನಿತ್ಯ ತಿನ್ನುವಷ್ಟರಿಂದ ಅಪಾಯವಿದೆಯೇ ಎಂದು ಕೇಳುವುದು ಜೆಕ್ಫಾ. ಸಕ್ಕರೆಯ ಬದಲಿಗಳ ಇತಿಹಾಸದುದ್ದಕ್ಕೂ ಗೊಂದಲ ಹುಟ್ಟಿದ್ದು ಹೀಗೆ ಪ್ರಶ್ನೆಗಳು ಒಂದರೊಳಗೊಂದು ಬೆರೆತಾಗಲೇ. ಇದು ವಿಷವೇ, ಇದು ಕ್ಯಾನ್ಸರ್ ತರುತ್ತದೆಯೇ, ಇದರಿಂದ ನಿಜಕ್ಕೂ ಉಪಯೋಗವಿದೆಯೇ ಎಂಬ ಮೂರು ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಮೂರಕ್ಕೂ ಉತ್ತರ ಬೇರೆ ಬೇರೆ.

ನಾಲಿಗೆ ಮೊದಲು, ಪರೀಕ್ಷೆ ಆಮೇಲೆ

1879ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಐರಾ ರೆಮ್ಸೆನ್ ಅವರ ಪ್ರಯೋಗಾಲಯದಲ್ಲಿ ಕಾನ್‌ಸ್ಟಂಟೀನ್ ಫಾಲ್‌ಬರ್ಗ್ ಎಂಬ ರಸಾಯನ ವಿಜ್ಞಾನಿ ಕಲ್ಲಿದ್ದಲಿನ ಟಾರಿನಿಂದ ಬರುವ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ಸಂಜೆ ಕೈ ತೊಳೆಯದೆಯೇ ಊಟಕ್ಕೆ ಕೂತರು. ಬ್ರೆಡ್ ಸಿಹಿಯಾಗಿತ್ತು. ಬಾಯಿ ಒರೆಸಿಕೊಂಡ ಬಟ್ಟೆ ಇನ್ನೂ ಸಿಹಿ. ಬೆರಳು ನೆಕ್ಕಿದಾಗ ಗುಟ್ಟು ಗೊತ್ತಾಯಿತು. ಊಟ ಅಲ್ಲಿಗೇ ಬಿಟ್ಟು ಪ್ರಯೋಗಾಲಯಕ್ಕೆ ಓಡಿ, ಮೇಜಿನ ಮೇಲಿದ್ದ ಬೀಕರುಗಳನ್ನೆಲ್ಲ ಒಂದೊಂದಾಗಿ ರುಚಿ ನೋಡಿದರು. ಸಕ್ಕರೆಗಿಂತ ಸುಮಾರು ಮುನ್ನೂರು ಪಟ್ಟು ಸಿಹಿಯಾದ ಸ್ಯಾಕರಿನ್ ಸಿಕ್ಕಿದ್ದು ಹೀಗೆ. ಸುರಕ್ಷತೆಯ ಪರೀಕ್ಷೆ ಎಂದು ಫಾಲ್‌ಬರ್ಗ್ ಮಾಡಿದ್ದು ತಾವೇ ಹತ್ತು ಗ್ರಾಂ ನುಂಗಿ ಒಂದು ದಿನ ಕಾದದ್ದು.

ಮುಂದೆಯೂ ಹೀಗೆಯೇ ಆಯಿತು. 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮೈಕೆಲ್ ಸ್ವೇಡಾ ಅವರಿಗೆ ಸೈಕ್ಲಮೇಟ್‌ನ ರುಚಿ ಹತ್ತಿದ್ದು ಮೇಜಿನ ಅಂಚಿಗಿಟ್ಟಿದ್ದ ಸಿಗರೇಟಿನಿಂದ. 1965ರಲ್ಲಿ ಸರ್ಲ್ ಕಂಪನಿಯಲ್ಲಿ ಹೊಟ್ಟೆಹುಣ್ಣಿನ ಔಷಧಿ ಹುಡುಕುತ್ತಿದ್ದ ಜೇಮ್ಸ್ ಶ್ಲಾಟರ್, ಕಾಗದ ಎತ್ತಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಲೆಸ್ಲಿ ಹಾಫ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಭಾರತೀಯ ಸಂಶೋಧಕ ಶಶಿಕಾಂತ್ ಫಡ್ನಿಸ್, ಪರೀಕ್ಷಿಸು ಎಂದು ಹೇಳಿದ ಪುಡಿಯನ್ನು ರುಚಿ ನೋಡು ಎಂದರೆಂದು ತಿಳಿದು ನಾಲಿಗೆಗೆ ಹಾಕಿಕೊಂಡರು. ಅದೇ ಸುಕ್ರಲೋಸ್, ಸಕ್ಕರೆಗಿಂತ ಆರುನೂರು ಪಟ್ಟು ಸಿಹಿ. ಸಿಹಿ ಎಂದು ತಿಳಿಯಲು ಒಂದು ಗಳಿಗೆ ಸಾಕಾಯಿತು. ತಿನ್ನಬಹುದೇ ಎಂದು ತಿಳಿಯಲು ದಶಕಗಳೇ ಹಿಡಿದವು.

ಎಲ್ಲ ಭಯವೂ ಸುಳ್ಳಲ್ಲ ಎಂಬುದಕ್ಕೆ ಡಲ್ಸಿನ್ ಸಾಕ್ಷಿ. 1880ರ ದಶಕದಲ್ಲೇ ಬಂದ ಈ ಸಿಹಿಕಾರಕಕ್ಕೆ ಸ್ಯಾಕರಿನ್‌ನ ಕಹಿ ಒಗರು ಇರಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜನ ತಿಂದರು. ದೀರ್ಘಕಾಲದ ಪ್ರಾಣಿ ಪರೀಕ್ಷೆಯಲ್ಲಿ ವಿಷಕಾರಿ ಎಂದು ಗೊತ್ತಾದ ಮೇಲೆ, 1950ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಅದನ್ನು ಆಹಾರದಿಂದ ಹೊರಗಿಟ್ಟಿತು.

ಇಲಿಯ ಮೂತ್ರಕೋಶ

ಸ್ಯಾಕರಿನ್ ಮೇಲಿನ ಜಗಳ ರಾಜಕೀಯ ಅಂಗಳಕ್ಕೂ ಹೋಯಿತು. ಅಮೆರಿಕದ ಶುದ್ಧ ಆಹಾರ ಕಾಯಿದೆಗಾಗಿ ಹೋರಾಡಿದ ಹಾರ್ವಿ ವೈಲಿ, ಸ್ಯಾಕರಿನ್ ಜನರಿಗೆ ಮಾಡುವ ಮೋಸ ಎಂದು ನಂಬಿದ್ದರು. 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಎದುರಿಗೇ ಹಾಗೆಂದು ಹೇಳಿಬಿಟ್ಟರು. ವೈದ್ಯರ ಸಲಹೆಯಂತೆ ದಿನವೂ ಸ್ಯಾಕರಿನ್ ತಿನ್ನುತ್ತಿದ್ದ ರೂಸ್‌ವೆಲ್ಟ್ ಸಿಡಿದೆದ್ದು, ವಿಷಯವನ್ನು ತಜ್ಞರ ಮಂಡಳಿಗೆ ಒಪ್ಪಿಸಿದರು. ಅದರ ಅಧ್ಯಕ್ಷರಾದವರು ಅದೇ ಐರಾ ರೆಮ್ಸೆನ್. ಮೊದಲ ಮಹಾಯುದ್ಧದಲ್ಲಿ ಸಕ್ಕರೆಗೆ ಬರ ಬಂದಾಗ ಸ್ಯಾಕರಿನ್ ಮನೆಮನೆಗೂ ಹೊಕ್ಕಿತು.

1958ರಲ್ಲಿ ಆಹಾರ ಸಂಯೋಜಕಗಳ ಕಾನೂನಿಗೆ ಅಮೆರಿಕ ಡೆಲಾನಿ ಕಲಮು ಸೇರಿಸಿತು. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ಯಾವ ಸಂಯೋಜಕಕ್ಕೂ, ಪ್ರಮಾಣ ಎಷ್ಟೇ ಇರಲಿ, ಅನುಮತಿಯಿಲ್ಲ. ಸಿಹಿಕಾರಕಗಳಲ್ಲಿ ಇದರ ಏಟು ಮೊದಲು ಬಿದ್ದದ್ದು ಸೈಕ್ಲಮೇಟ್‌ಗೆ. ಸೈಕ್ಲಮೇಟ್ ಹತ್ತು ಪಾಲು, ಸ್ಯಾಕರಿನ್ ಒಂದು ಪಾಲು ಬೆರೆಸಿ ಭಾರಿ ಪ್ರಮಾಣದಲ್ಲಿ ತಿನ್ನಿಸಿದ 240 ಇಲಿಗಳಲ್ಲಿ ಎಂಟಕ್ಕೆ ಮೂತ್ರಕೋಶದ ಗೆಡ್ಡೆ ಬಂತು. 1969ರಲ್ಲಿ ನಿಷೇಧ ಘೋಷಣೆಯಾಯಿತು. ಅಮೆರಿಕದಲ್ಲಿ ಅದು ಇಂದಿಗೂ ನಿಷಿದ್ಧ, ಐರೋಪ್ಯ ಒಕ್ಕೂಟದಲ್ಲಿ ಮಿತಿಯೊಳಗೆ ಅನುಮತಿಯಿದೆ.

1977ರಲ್ಲಿ ಸ್ಯಾಕರಿನ್‌ನ ಸರದಿ. ಕೆನಡಾದ ಪ್ರಯೋಗದಲ್ಲಿ ಆಹಾರದ ಶೇ 5ರಷ್ಟು ಸ್ಯಾಕರಿನ್ ತಿಂದ ಗಂಡು ಇಲಿಗಳಿಗೆ ಮೂತ್ರಕೋಶದ ಕ್ಯಾನ್ಸರ್ ಕಾಣಿಸಿತು. ಎಫ್‌ಡಿಎ ನಿಷೇಧಕ್ಕೆ ಹೊರಟಿತು. ಆಗ ಅಲ್ಲಿನ ಮಾರುಕಟ್ಟೆಯಲ್ಲಿ ಉಳಿದಿದ್ದ ಸಿಹಿಕಾರಕ ಅದೊಂದೇ. ಮಧುಮೇಹಿಗಳಿಂದ ಪ್ರತಿಭಟನೆಯ ಪತ್ರಗಳು ರಾಶಿರಾಶಿಯಾಗಿ ಬಂದವು. ಅಮೆರಿಕದ ಸಂಸತ್ತು ನಿಷೇಧ ತಡೆದು, ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸಿದರೆ ಸಾಕು ಎಂದಿತು.

ಆ ಎಚ್ಚರಿಕೆ ಇಪ್ಪತ್ತಮೂರು ವರ್ಷ ಉಳಿಯಿತು. ಅದನ್ನು ತೆಗೆದುಹಾಕಿದ್ದು ಜಾಹೀರಾತಲ್ಲ, ಗೆಡ್ಡೆ ಹುಟ್ಟುವ ಬಗೆಯನ್ನು ಹಿಡಿದ ಸಂಶೋಧನೆ. ಗಂಡು ಇಲಿಯ ಮೂತ್ರದಲ್ಲಿ ಪ್ರೋಟೀನ್ ಹೆಚ್ಚು, ಕ್ಯಾಲ್ಸಿಯಂ ಫಾಸ್ಫೇಟ್ ಹೆಚ್ಚು. ಸ್ಯಾಕರಿನ್ ವಿಪರೀತವಾಗಿ ಸೇರಿದಾಗ ಅಲ್ಲಿ ಹರಳುಗಳು ಕಟ್ಟಿ ಮೂತ್ರಕೋಶದ ಒಳಪದರವನ್ನು ಕೆರೆಯುತ್ತವೆ. ಗಾಯ ಮಾಯಲು ಜೀವಕೋಶಗಳು ಮತ್ತೆ ಮತ್ತೆ ಒಡೆದು, ಕೊನೆಗೆ ಗೆಡ್ಡೆಯಾಗುತ್ತದೆ. ಮನುಷ್ಯರ ಮೂತ್ರದಲ್ಲಿ ಈ ಸರಪಳಿ ಶುರುವಾಗುವುದೇ ಇಲ್ಲ. 2000ನೇ ಇಸವಿಯಲ್ಲಿ ಸ್ಯಾಕರಿನ್‌ನ ಹೆಸರು ಅಮೆರಿಕದ ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ಹೊರಬಂತು. 2024ರಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಅದರ ದಿನದ ಮಿತಿಯನ್ನು ಕಿಲೋಗೆ 5ರಿಂದ 9 ಮಿಲಿಗ್ರಾಂಗೆ ಏರಿಸಿತು.

ಲೋಟದ ಲೆಕ್ಕ

ಸಿಹಿಕಾರಕಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾದವುಗಳಲ್ಲಿ ಆಸ್ಪರ್ಟೇಮ್ ಒಂದು. ಅಮೆರಿಕದಲ್ಲಿ 1974ರಲ್ಲಿ ಸಿಕ್ಕ ಅನುಮತಿಗೆ ಆಕ್ಷೇಪಗಳ ಕಾರಣ ತಡೆ ಬಿದ್ದು, 1981ರಲ್ಲಿ ಒಣ ಆಹಾರಕ್ಕೆ, 1983ರಲ್ಲಿ ತಂಪು ಪಾನೀಯಗಳಿಗೆ ಒಪ್ಪಿಗೆ ಸಿಕ್ಕಿತು. ಹೊಟ್ಟೆಯಲ್ಲಿ ಅದು ಮೂರು ಭಾಗವಾಗುತ್ತದೆ: ಫಿನೈಲ್‌ಅಲನಿನ್, ಆಸ್ಪಾರ್ಟಿಕ್ ಆಮ್ಲ, ಒಂದಿಷ್ಟು ಮೆಥನಾಲ್. ಮೆಥನಾಲ್ ಎಂದರೆ ಕಳ್ಳಭಟ್ಟಿ ದುರಂತಗಳು ನೆನಪಾಗಿ ಎದೆ ಝಲ್ಲೆನ್ನುವುದು ಸಹಜ. ಆದರೆ ಅಷ್ಟೇ ಅಳತೆಯ ಟೊಮೆಟೊ ರಸದಲ್ಲಿ ಡಯೆಟ್ ಪಾನೀಯಕ್ಕಿಂತ ಹೆಚ್ಚು ಮೆಥನಾಲ್ ಇರುತ್ತದೆ, ಹಾಲಿನಲ್ಲಿ ಹೆಚ್ಚು ಫಿನೈಲ್‌ಅಲನಿನ್ ಇರುತ್ತದೆ.

2005ರಿಂದೀಚೆಗೆ ಇಟಲಿಯ ಬೊಲೊನ್ಯಾದ ರಾಮಾಝಿನಿ ಸಂಸ್ಥೆಯ ಸಂಶೋಧಕರು ಆಸ್ಪರ್ಟೇಮ್ ತಿಂದ ಇಲಿಗಳಲ್ಲಿ ರಕ್ತಕ್ಯಾನ್ಸರ್ ಹೆಚ್ಚು ಎಂದು ವರದಿ ಮಾಡಿದರು. ಆ ಇಲಿಗಳಲ್ಲಿದ್ದ ಶ್ವಾಸಕೋಶದ ಸೋಂಕು ಫಲಿತಾಂಶವನ್ನು ಕೆಡಿಸಿದೆ ಎಂದು ಐರೋಪ್ಯ ಪ್ರಾಧಿಕಾರ ಆಕ್ಷೇಪಿಸಿತು. 2006ರಲ್ಲಿ ಪ್ರಕಟವಾದ, ಸುಮಾರು 4.7 ಲಕ್ಷ ಅಮೆರಿಕನ್ನರನ್ನು ಒಳಗೊಂಡ ಅಧ್ಯಯನದಲ್ಲಿ ರಕ್ತ ಮತ್ತು ಮಿದುಳಿನ ಕ್ಯಾನ್ಸರಿಗೆ ಸಂಬಂಧ ಕಾಣಲಿಲ್ಲ. 2022ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಗಮನಿಸಿದ ಫ್ರಾನ್ಸಿನ ನ್ಯೂಟ್ರಿನೆಟ್-ಸಾಂತೆ ಅಧ್ಯಯನ, ಆಸ್ಪರ್ಟೇಮ್ ಹೆಚ್ಚು ಬಳಸುವವರಲ್ಲಿ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚು ಎಂದಿತು. ಚಿಕ್ಕದಾದರೂ ಈ ಸುಳಿವನ್ನು ತಳ್ಳಿಹಾಕುವಂತಿಲ್ಲ, ಅಷ್ಟಕ್ಕೇ ತೀರ್ಪು ಬರೆಯುವಂತೆಯೂ ಇಲ್ಲ.

40 ಮಿಲಿಗ್ರಾಂ ಎಂಬ ಮಿತಿಯ ಲೆಕ್ಕ ಸರಳ. ಇಲಿಗಳಿಗೆ ಕಿಲೋಗೆ 4000 ಮಿಲಿಗ್ರಾಂ ಕೊಟ್ಟರೂ ಹಾನಿ ಕಾಣಲಿಲ್ಲ. ಅದನ್ನು ನೂರರಿಂದ ಭಾಗಿಸಿದರೆ 40. ಆಸ್ಪರ್ಟೇಮ್ ಸಕ್ಕರೆಗಿಂತ 200 ಪಟ್ಟು ಸಿಹಿ, ಆದ್ದರಿಂದ ಒಂದು ಚಮಚ, ಅಂದರೆ 4 ಗ್ರಾಂ ಸಕ್ಕರೆಯ ಸಿಹಿಗೆ 20 ಮಿಲಿಗ್ರಾಂ ಸಾಕು. 60 ಕಿಲೋ ತೂಕದವರ ದಿನದ ಮಿತಿ 2400 ಮಿಲಿಗ್ರಾಂ, ಅಂದರೆ 120 ಚಮಚ ಸಕ್ಕರೆಯಷ್ಟು ಸಿಹಿ. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವವರು ಈ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಮಕ್ಕಳ ಲೆಕ್ಕ ಬೇರೆ. ಡಯೆಟ್ ಕೋಲಾದ ಒಂದು ಕ್ಯಾನಿನಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ, 20 ಕಿಲೋ ತೂಕದ ಮಗುವಿಗೆ ಮೂರು ನಾಲ್ಕು ಕ್ಯಾನಿಗೇ ಮಿತಿ ಮುಟ್ಟುತ್ತದೆ.

ಗಿಡದಿಂದ ಬಂದರೆ ಸಾಲದು

‘ನೈಸರ್ಗಿಕ’ ಎಂಬ ಹಣೆಪಟ್ಟಿಯೊಂದಿಗೆ ಬಂದದ್ದು ಸ್ಟೀವಿಯಾ, ನಮ್ಮವರು ಸಿಹಿ ತುಳಸಿ, ಮಧುಪತ್ರ ಎನ್ನುವ ಗಿಡ. ಪರಾಗ್ವೆಯ ಗ್ವಾರಾನಿ ಜನ ಇದರ ಎಲೆಯನ್ನು ಬಹುಕಾಲದಿಂದ ಬಳಸುತ್ತಿದ್ದರು. ಜಪಾನಿನಲ್ಲಿ 1970ರ ದಶಕದಿಂದ ಮಾರುಕಟ್ಟೆಯಲ್ಲಿದೆ. 2008ರಲ್ಲಿ ಜೆಕ್ಫಾ, 2011ರಲ್ಲಿ ಐರೋಪ್ಯ ಒಕ್ಕೂಟ, 2015ರಲ್ಲಿ ಭಾರತ ಒಪ್ಪಿಗೆ ಕೊಟ್ಟವು. ಒಪ್ಪಿಗೆ ಸಿಕ್ಕಿದ್ದು ಎಲೆಯಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಸ್ಟೀವಿಯಾಲ್ ಗ್ಲೈಕೋಸೈಡ್‌ಗಳಿಗೆ. ಹಸಿ ಎಲೆಗೂ ಕಚ್ಚಾ ಸಾರಕ್ಕೂ ಎಫ್‌ಡಿಎ ಅದೇ ಮಾನ್ಯತೆ ಕೊಟ್ಟಿಲ್ಲ.

ಸಾರ್ಬಿಟಾಲ್, ಮಾಲ್ಟಿಟಾಲ್, ಝೈಲಿಟಾಲ್, ಎರಿತ್ರಿಟಾಲ್ ಮುಂತಾದ ಪಾಲಿಯಾಲ್‌ಗಳದು ಮತ್ತೊಂದು ಬಳಗ. ಇವು ಕರುಳಿನಲ್ಲಿ ಪೂರ್ತಿ ಹೀರಲ್ಪಡದಿದ್ದರೆ ಹೊಟ್ಟೆ ಉಬ್ಬರ, ಭೇದಿ ಆಗಬಹುದು. 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟಾನ್ಲಿ ಹೇಜನ್ ಅವರ ತಂಡ, ರಕ್ತದಲ್ಲಿ ಎರಿತ್ರಿಟಾಲ್ ಹೆಚ್ಚಿರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಎಂದು ವರದಿ ಮಾಡಿತು. 30 ಗ್ರಾಂ ಎರಿತ್ರಿಟಾಲ್ ಕುಡಿದ ಎಂಟು ಆರೋಗ್ಯವಂತರ ರಕ್ತದಲ್ಲಿ ಅದರ ಮಟ್ಟ ಎರಡು ದಿನಕ್ಕೂ ಹೆಚ್ಚು ಕಾಲ ಏರಿಯೇ ಇತ್ತು. ನಮ್ಮ ದೇಹವೂ ಎರಿತ್ರಿಟಾಲ್ ತಯಾರಿಸುತ್ತದೆ. ಹಾಗಾಗಿ ರಕ್ತದಲ್ಲಿ ಕಂಡದ್ದೆಲ್ಲ ತಿಂದದ್ದರಿಂದಲೇ ಬಂದಿತೆನ್ನಲಾಗದು. ಆದರೂ ಹೃದ್ರೋಗ ಇರುವವರು ಇದನ್ನು ಗ್ರಾಂಗಟ್ಟಲೆ ತಿನ್ನುವ ಮುನ್ನ ವೈದ್ಯರನ್ನು ಕೇಳುವುದೇ ಸರಿ.

ಕರುಳು, ತೂಕ, ಮತ್ತು ಮೂರನೆಯ ಪ್ರಶ್ನೆ

ಸಿಹಿಕಾರಕಗಳು ದೇಹದೊಳಗೆ ಏನೂ ಮಾಡದೆ ಹಾದುಹೋಗುತ್ತವೆ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಇಸ್ರೇಲಿನ ವೈಜ್‌ಮನ್ ಸಂಸ್ಥೆ. ಸ್ಯಾಕರಿನ್ ಕರುಳಿನ ಸೂಕ್ಷ್ಮಜೀವಿಗಳನ್ನು ಬದಲಿಸಿ ಇಲಿಗಳ ಸಕ್ಕರೆ ನಿಯಂತ್ರಣವನ್ನು ಕೆಡಿಸುತ್ತದೆ ಎಂದು 2014ರಲ್ಲಿ ಎರಾನ್ ಎಲಿನಾವ್, ಎರಾನ್ ಸೆಗಾಲ್ ಅವರ ತಂಡ ತೋರಿಸಿತು. 2022ರಲ್ಲಿ 120 ಆರೋಗ್ಯವಂತರ ಮೇಲೆ ನಡೆದ ಪ್ರಯೋಗದಲ್ಲಿ, ಮಿತಿಯೊಳಗಿನ ಪ್ರಮಾಣದಲ್ಲೇ, ಸ್ಯಾಕರಿನ್ ಮತ್ತು ಸುಕ್ರಲೋಸ್ ಎರಡು ವಾರದಲ್ಲಿ ಗ್ಲೂಕೋಸ್ ಸಹಿಷ್ಣುತೆಯನ್ನು ಕುಗ್ಗಿಸಿದವು. ಪರಿಣಾಮ ಎಲ್ಲರಲ್ಲೂ ಒಂದೇ ಆಗಿರಲಿಲ್ಲ. ಅದು ಅವರವರ ಕರುಳಿನ ಜೀವಿಗಳನ್ನು ಅವಲಂಬಿಸಿತ್ತು.

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬೇಡಿ ಎಂದಿತು. ಅಲ್ಪಾವಧಿಯ ಪ್ರಯೋಗಗಳಲ್ಲಿ ಇಳಿದ ತೂಕ ಸರಾಸರಿ ಮುಕ್ಕಾಲು ಕಿಲೋಗಿಂತ ಕಡಿಮೆ. ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಬಳಕೆದಾರರಿಗೇ ಮಧುಮೇಹ, ಹೃದ್ರೋಗ ಹೆಚ್ಚು. ಆದರೆ ತೂಕ ಏರಿದವರೇ ಡಯೆಟ್ ಪಾನೀಯದತ್ತ ತಿರುಗುವುದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಸಂಸ್ಥೆ ಈ ಸಲಹೆಯನ್ನು ‘ಷರತ್ತುಬದ್ಧ’ ಎಂದು ಕರೆದದ್ದು ಅದಕ್ಕೇ. ಈಗಾಗಲೇ ಮಧುಮೇಹ ಇರುವವರಿಗೆ ಇದು ಅನ್ವಯಿಸುವುದಿಲ್ಲ ಎಂದೂ ಹೇಳಿತು.

ನಮ್ಮ ಕಾಫಿ, ನಮ್ಮ ಪೊಟ್ಟಣ

ಈ ವಿನಾಯಿತಿ ನಮಗೆ ಮುಖ್ಯ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ. ಮಧುಮೇಹ ಇದ್ದವರ ಕಾಫಿ, ಟೀಯಲ್ಲಿ ಸಕ್ಕರೆಯ ಬದಲು ಸುಕ್ರಲೋಸ್ ಹಾಕಿ ಚೆನ್ನೈನ ಡಾ. ವಿ. ಮೋಹನ್ ಅವರ ತಂಡ ಹನ್ನೆರಡು ವಾರ ಪ್ರಯೋಗ ನಡೆಸಿತು. ಸಕ್ಕರೆ ನಿಯಂತ್ರಣ ಕೆಡಲಿಲ್ಲ, ತೂಕ, ಸೊಂಟದ ಸುತ್ತಳತೆ ಸ್ವಲ್ಪ ಇಳಿದವು. ದಿನಕ್ಕೆ ನಾಲ್ಕು ಚಮಚ ಸಕ್ಕರೆ ಬಿಡಲಾಗದ ಮಧುಮೇಹಿಗೆ ಒಂದೆರಡು ಗುಳಿಗೆ ನೆರವಾಗಬಹುದು. ಮಧುಮೇಹವಿಲ್ಲದವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ.

ಶುಗರ್-ಫ್ರೀ ಸಿಹಿತಿಂಡಿಯ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು. ಸಕ್ಕರೆ ತೆಗೆದ ಮೈಸೂರು ಪಾಕಿನಲ್ಲಿ ಕಡಲೆಹಿಟ್ಟೂ ತುಪ್ಪವೂ ಹಾಗೆಯೇ ಇರುತ್ತವೆ, ತುಪ್ಪದ ಪ್ರತಿ ಗ್ರಾಂಗೆ ಸುಮಾರು 9 ಕ್ಯಾಲರಿ. ಮಾಲ್ಟಿಟಾಲ್ ಹಾಕಿದ್ದರೆ ರಕ್ತದ ಸಕ್ಕರೆಯೂ ಒಂದಿಷ್ಟು ಏರುತ್ತದೆ. ಬೆಲ್ಲ, ಜೇನು ಬದಲಿಗಳೇ ಅಲ್ಲ, ಅವುಗಳಲ್ಲಿರುವುದೂ ಬಹುಪಾಲು ಸಕ್ಕರೆಯೇ. ಕುದಿಯುವ ಪಾಯಸಕ್ಕೆ ಆಸ್ಪರ್ಟೇಮ್ ಹಾಕಿದರೆ ಅದು ಒಡೆದು ಸಿಹಿ ಕುಗ್ಗುತ್ತದೆ.

ಫಿನೈಲ್‌ಕೀಟೋನ್ಯೂರಿಯಾ ಎಂಬ ಅಪರೂಪದ ಹುಟ್ಟುದೋಷ ಇರುವವರಿಗೆ ಆಸ್ಪರ್ಟೇಮ್ ನಿಜಕ್ಕೂ ಅಪಾಯ. ಫಿನೈಲ್‌ಅಲನಿನ್ ಕರಗಿಸಲಾಗದೆ ಅವರ ಮಿದುಳಿಗೆ ಹಾನಿಯಾಗುತ್ತದೆ. ಅವರಿಗೆ ಇದು ಸಲ್ಲದು ಎಂಬ ಮಾತನ್ನೂ, ಮಕ್ಕಳಿಗೆ ಶಿಫಾರಸು ಮಾಡಿಲ್ಲ ಎಂಬುದನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಿಯಮ ಮಾಡಿದೆ. ಆದರೆ ಅದೇ ಪ್ರಾಧಿಕಾರದ ನಿಯಮದ ಪ್ರಕಾರ ವಿವರ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿದ್ದರೆ ಸಾಕು. ಕನ್ನಡ ಕಡ್ಡಾಯವಲ್ಲ. ಜಾತ್ರೆಯಲ್ಲಿ ಬಿಡಿಯಾಗಿ ಮಾರುವ ಐಸ್ ಕ್ಯಾಂಡಿ, ಬಣ್ಣದ ಪಾನಕಕ್ಕಂತೂ ಪೊಟ್ಟಣವೇ ಇಲ್ಲ. ನೂರ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ವಿಜ್ಞಾನ ಕಂಡುಕೊಂಡ ಎಚ್ಚರಿಕೆಗಳು ಚನ್ನರಾಯಪಟ್ಟಣದ ಅಥವಾ ಸಿಂಧನೂರಿನ ಅಂಗಡಿಯಲ್ಲಿ ಮಗುವಿಗೆ ತಿಂಡಿ ಕೊಳ್ಳುವ ತಾಯಿಗೆ ತಲುಪಬೇಕಾದರೆ, ಸಿಹಿಕಾರಕದ ಹೆಸರೂ ಆ ಎರಡು ಸಾಲಿನ ಸೂಚನೆಯೂ ಕನ್ನಡದಲ್ಲಿ, ಓದಲು ಆಗುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾಗಬೇಕು. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ನಿಯಮದ ಒಂದು ತಿದ್ದುಪಡಿ ಸಾಕು.